ಮೈಎಸ್‌ಕ್ಯೂಎಲ್ 8.0ಕ್ಕೆ ಏರಿಸಿದ ಮೇಲೆ ಲೆಕ್ಕಪತ್ರ ತಂತ್ರಾಂಶ ಕೈಕೊಟ್ಟಿದೆ: 5.7ಕ್ಕೆ ಮರಳುವುದೋ, ಇಲ್ಲೇ ಸರಿಪಡಿಸುವುದೋ?

ಜಮಾಖರ್ಚು

ನಮ್ಮ ಸಂಸ್ಥೆಯ ಲೆಕ್ಕವೆಲ್ಲ ಪಿಎಚ್‌ಪಿಯಲ್ಲಿ ಬರೆದ ಒಂದು ತಂತ್ರಾಂಶದಲ್ಲಿದೆ. ಬರೆದುಕೊಟ್ಟವರು ಈಗ ಆ ಕೆಲಸದಲ್ಲಿಲ್ಲ, ಮೂಲ ಕೋಡ್ ಮಾತ್ರ ನಮ್ಮ ಕೈಯಲ್ಲಿದೆ. ಡೇಟಾಬೇಸ್ ಮೈಎಸ್‌ಕ್ಯೂಎಲ್ 5.7 ಆಗಿತ್ತು. 5.7ರ ಬೆಂಬಲ 2023ರ ಅಕ್ಟೋಬರ್‌ಗೇ ಮುಗಿದಿದೆ, ಇನ್ನು ಇಟ್ಟುಕೊಳ್ಳುವಂತಿಲ್ಲ ಎಂದು ಸರ್ವರ್ ನೋಡಿಕೊಳ್ಳುವವರು ಹೊಸ ಯಂತ್ರಕ್ಕೆ 8.0 ಹಾಕಿದರು. ಹಳೆಯದರಿಂದ ಡಂಪ್, ಅಂದರೆ ಡೇಟಾಬೇಸ್‌ನ ಪೂರ್ತಿ ನಕಲಿನ ಫೈಲ್, ತೆಗೆದು ಹೊಸದಕ್ಕೆ ತುಂಬಿ, ಕೆಲಸ ಮುಗಿಯಿತು ಎಂದು ಹೋದರು. ಲೆಕ್ಕಪತ್ರ ತಂತ್ರಾಂಶ ಹೊಸ ಆವೃತ್ತಿಯೊಂದಿಗೆ ಹೊಂದುತ್ತದೆಯೇ ಎಂದು ಯಾರೂ ನಮ್ಮನ್ನು ಕೇಳಲಿಲ್ಲ.

ಮೊದಲು ಲಾಗಿನ್ ಪುಟವೇ ತೆರೆಯಲಿಲ್ಲ. ಸರ್ವರ್ ಕೇಳುತ್ತಿರುವ ದೃಢೀಕರಣ ವಿಧಾನ ತನಗೆ ಗೊತ್ತಿಲ್ಲ ಎಂದು 2054ರ ದೋಷ ಬಂತು. ಅವರನ್ನೇ ಮತ್ತೆ ಕರೆಸಿ, ಡೇಟಾಬೇಸ್ ಬಳಕೆದಾರನ ಪಾಸ್‌ವರ್ಡ್ ವಿಧಾನವನ್ನು ಹಳೆಯದಕ್ಕೆ ಬದಲಿಸಿದ ಮೇಲೆ ಒಳಗೆ ಹೋಗಲು ಸಾಧ್ಯವಾಯಿತು. ಈಗಿನ ತೊಂದರೆಗಳು ಇವು. ಖಾತೆ ಗುಂಪುಗಳ ಪುಟ ತೆರೆದರೆ 1064, ಅಂದರೆ ವಾಕ್ಯರಚನೆಯ ದೋಷ. ಚೆಕ್ ಪಾವತಿಯ ವೋಚರ್ ಉಳಿಸಲು ಹೋದರೆ ದಿನಾಂಕ ತಪ್ಪು ಎಂದು 1292. ಕೆಲವು ವರದಿಗಳಲ್ಲಿ, ಸಾಲುಗಳನ್ನು ಗುಂಪು ಮಾಡಿದ ರೀತಿಗೆ ಆಕ್ಷೇಪಿಸುವ 1055. ನಗದು ವೋಚರ್‌ಗಳು ಮಾತ್ರ ಸಲೀಸಾಗಿ ಉಳಿಯುತ್ತಿವೆ, ಹಾಗಾಗಿ ನಮ್ಮ ಗುಮಾಸ್ತರು ಅವುಗಳನ್ನು ಹೊಸ ಸರ್ವರ್‌ನಲ್ಲೇ ನಮೂದಿಸುತ್ತ ಬಂದಿದ್ದಾರೆ. ಹಿಂದಕ್ಕೆ ಹೋದರೆ ಆ ನಮೂದುಗಳ ಗತಿಯೇನು? ಮುಂದಕ್ಕೆ ಹೋಗುವುದಾದರೆ ಎಲ್ಲಿಂದ ಶುರು ಮಾಡಬೇಕು? ತಿಳಿದವರು ದಯವಿಟ್ಟು ಹೇಳಿ.

ಸಾಲುಕಂಬ

ಎಲ್ಲಕ್ಕಿಂತ ಮೊದಲು ಒಂದು ವಿಷಯ: ಹಳೆಯ ಯಂತ್ರ ಇನ್ನೂ ಇದೆಯೇ? ಇದ್ದರೆ ಅದನ್ನು ಅಳಿಸಲು, ಬೇರೆ ಕೆಲಸಕ್ಕೆ ಕೊಡಲು ಬಿಡಬೇಡಿ. ಅದರ ಮೇಲೆ ಇನ್ನು ಯಾರೂ ಏನನ್ನೂ ಬರೆಯದಂತೆ ಮಾಡಿ, ಓದಲು ಮಾತ್ರ ಇಟ್ಟುಕೊಳ್ಳಿ. ಮುಂದಿನ ಪ್ರತಿಯೊಂದು ಹೆಜ್ಜೆಯಲ್ಲೂ ಹೋಲಿಸಿ ನೋಡಲು ನಿಮಗಿರುವ ಸಾಕ್ಷಿ ಅದೊಂದೇ. ಹೊಸ ಸರ್ವರ್‌ನಿಂದಲೂ ಈ ಹೊತ್ತಿನ ಡಂಪ್ ತೆಗೆದು ಬೇರೆ ಕಡೆ ಇಡಿ.

ಮರಳುವ ಬಗ್ಗೆ: 8.0 ಒಮ್ಮೆ ಮುಟ್ಟಿದ ಡೇಟಾ ಡೈರೆಕ್ಟರಿಯನ್ನು 5.7 ಮತ್ತೆ ಓದಲಾರದು, ಏಕೆಂದರೆ ಟೇಬಲ್‌ಗಳ ವಿವರ ಇಡುವ ಕ್ರಮವೇ 8.0ರಲ್ಲಿ ಬದಲಾಗಿದೆ. ನಿಮ್ಮ ವಿಷಯದಲ್ಲಿ ಬೇರೆ ಯಂತ್ರಕ್ಕೆ ಡಂಪ್ ಮೂಲಕ ಹೋಗಿರುವುದರಿಂದ ಹಳೆಯದು ಹಾಗೆಯೇ ಉಳಿದಿದೆ. ಅದು ನಿಮ್ಮ ಅದೃಷ್ಟ. ಆದರೂ 8.0ರ ಡಂಪನ್ನು 5.7ಕ್ಕೆ ಹಾಗೆಯೇ ತುಂಬಲು ಹೋದರೆ ಗೊತ್ತಿಲ್ಲದ ಕೊಲೇಷನ್ (ಅಕ್ಷರಗಳನ್ನು ಹೋಲಿಸುವ ನಿಯಮ) ಎಂದು ತಿರಸ್ಕರಿಸುತ್ತದೆ. ಈಚಿನ ನಗದು ವೋಚರ್‌ಗಳನ್ನು ಸಾಲುಗಳಾಗಿ ಮಾತ್ರ ತೆಗೆದು ಸೇರಿಸಬೇಕಾಗುತ್ತದೆ.

ಲಾಗಿನ್ ತೊಂದರೆಗೆ ಕಾರಣ ಸರಳ. 8.0ರಲ್ಲಿ ಹೊಸದಾಗಿ ಸೃಷ್ಟಿಸುವ ಬಳಕೆದಾರನಿಗೆ ತಾನಾಗಿ ಸಿಗುವ ವಿಧಾನ ಕ್ಯಾಷಿಂಗ್ ಶಾ2. ಪಿಎಚ್‌ಪಿಗೆ ಅದು ಅರ್ಥವಾಗುವುದು 7.4ರಿಂದ ಈಚೆಗೆ. ನೀವು ಹಳೆಯ ನೇಟಿವ್ ಪಾಸ್‌ವರ್ಡ್ ವಿಧಾನಕ್ಕೆ ಬದಲಿಸಿ ದಾರಿ ಮಾಡಿಕೊಂಡಿದ್ದೀರಿ, ಸದ್ಯಕ್ಕೆ ಸಾಕು.

ಇನ್ನೊಂದು ಪ್ರಶ್ನೆ. ಹಳೆಯ ಯಂತ್ರದ ಸಂರಚನಾ ಫೈಲ್‌ನಲ್ಲಿ ಎಸ್‌ಕ್ಯೂಎಲ್ ಮೋಡ್ ಎಂಬ ಸಾಲು, ಅಂದರೆ ಸರ್ವರ್ ಎಷ್ಟು ಕಟ್ಟುನಿಟ್ಟಾಗಿರಬೇಕು ಎಂದು ಹೇಳುವ ಸಾಲು, ಇದೆಯೇ, ಅದರ ಮುಂದೆ ಏನು ಬರೆದಿದೆ ನೋಡಿ ಹೇಳಿ. 1055 ಮತ್ತು 1292 ಎರಡೂ ಅಲ್ಲಿಂದಲೇ ಬಂದಿರಬೇಕು ಎಂಬುದು ನನ್ನ ಅನುಮಾನ.

ಜಮಾಖರ್ಚು

ಹಳೆಯ ಯಂತ್ರ ಇದೆ. ನಿಮ್ಮ ಮಾತು ಓದಿದ ಕೂಡಲೇ ಫೋನ್ ಮಾಡಿ, ಅದನ್ನು ಮುಟ್ಟಬೇಡಿ ಎಂದು ಹೇಳಿದ್ದೇನೆ. ಎಸ್‌ಕ್ಯೂಎಲ್ ಮೋಡ್ ಸಾಲು ಇದೆ, ಅದರ ಮುಂದೆ ಏನೂ ಇಲ್ಲ, ಖಾಲಿ. ಹೊಸ ಯಂತ್ರದಲ್ಲಿ ಆ ಸಾಲೇ ಇಲ್ಲ.

ನಿಧಾನಗತಿ

ಹಾಗಾದರೆ ಪರಿಹಾರ ನಿಮ್ಮ ಕಣ್ಣೆದುರೇ ಇದೆ. ಆ ಸಾಲು ಇಲ್ಲದಿದ್ದರೆ ಸರ್ವರ್ ತಾನಾಗಿ ಕಟ್ಟುನಿಟ್ಟಿನ ನಿಯಮಗಳನ್ನು ಹಾಕಿಕೊಳ್ಳುತ್ತದೆ, ಸಾಲು ಖಾಲಿ ಇದ್ದರೆ ಅವನ್ನು ಬಿಡುತ್ತದೆ. ಹೊಸ ಯಂತ್ರದಲ್ಲೂ ಆ ಸಾಲನ್ನು ಖಾಲಿಯಾಗಿ ಬರೆದು ಸರ್ವರ್ ಮತ್ತೆ ಶುರು ಮಾಡಿ. 1055 ಮತ್ತು 1292 ಎರಡೂ ಮಾಯವಾಗುತ್ತವೆ. ಇಷ್ಟು ವರ್ಷ ಹಾಗೆಯೇ ನಡೆದಿದೆ, ಮುಂದೆಯೂ ನಡೆಯುತ್ತದೆ. ಅದೂ ಬೇಡವೆಂದರೆ ಹಳೆಯ ಯಂತ್ರಕ್ಕೆ ಮರಳಿ, ನಗದು ವೋಚರ್‌ಗಳನ್ನು ಕೈಯಾರೆ ಮತ್ತೆ ನಮೂದಿಸಿ. ನಡೆಯುತ್ತಿರುವ ಲೆಕ್ಕಪತ್ರ ವ್ಯವಸ್ಥೆಯ ಕೋಡ್‌ಗೆ ಕೈ ಹಾಕುವುದಕ್ಕಿಂತ ಅದು ಎಷ್ಟೋ ಸುರಕ್ಷಿತ. ಬೆಂಬಲ ಮುಗಿದಿದ್ದರೂ, ಹೊರಗಿನ ಜಾಲಕ್ಕೆ ತೆರೆದಿರದ ಸರ್ವರ್ ಸ್ವಲ್ಪ ಕಾಲ ಹಾಗೆಯೇ ಓಡಿದರೆ ಆಕಾಶವೇನೂ ಕಳಚಿ ಬೀಳುವುದಿಲ್ಲ.

ತಾಳೆಪಟ್ಟಿ

ನಾನು ಡೇಟಾಬೇಸ್ ಬಲ್ಲವನಲ್ಲ, ಲೆಕ್ಕಪರಿಶೋಧನೆಯ ಕೆಲಸದವನು. ಆದರೂ ಆ ಖಾಲಿ ಸಾಲಿನ ಬಗ್ಗೆ ಖಂಡಿತವಾಗಿ ಒಂದು ಮಾತು ಹೇಳಲೇಬೇಕು, ಏಕೆಂದರೆ ಅದು ಲೆಕ್ಕ ಕೆಡಿಸುವುದನ್ನು ನಾನು ಕಂಡಿದ್ದೇನೆ.

ಮೊತ್ತದ ಕಾಲಮ್ ಒಟ್ಟು ಎಂಟು ಅಂಕಿ, ಅದರಲ್ಲಿ ದಶಮಾಂಶದ ನಂತರ ಎರಡು ಎಂದು ಗೊತ್ತುಮಾಡಿದ್ದರೆ ಅದರಲ್ಲಿ ಹಿಡಿಸುವ ದೊಡ್ಡ ಮೊತ್ತ 999999.99. ಮೋಡ್ ಖಾಲಿ ಇರುವಾಗ ಯಾರಾದರೂ 1250000.00 ನಮೂದಿಸಿದರೆ ಮೈಎಸ್‌ಕ್ಯೂಎಲ್ ಬೇಡ ಎನ್ನುವುದಿಲ್ಲ. ಅದನ್ನು 999999.99ಕ್ಕೆ ಕತ್ತರಿಸಿ ಉಳಿಸಿಕೊಳ್ಳುತ್ತದೆ, ಎಚ್ಚರಿಕೆಯೊಂದನ್ನು ಒಳಗೊಳಗೇ ದಾಖಲಿಸುತ್ತದೆ, ಪರದೆಯ ಮೇಲೆ ವೋಚರ್ ಉಳಿಯಿತು ಎಂದು ಬರುತ್ತದೆ. ಖರ್ಚು ಮತ್ತು ಜಮಾ ಎರಡೂ ಬದಿ ಒಂದೇ ಬಗೆಯ ಕಾಲಮ್ ಆಗಿರುವುದರಿಂದ ಎರಡೂ ಒಂದೇ ಮೊತ್ತಕ್ಕೆ ಕತ್ತರಿಸಲ್ಪಡುತ್ತವೆ, ಎರಡೂ ಬದಿಯ ಒಟ್ಟು ಹೋಲಿಸುವ ತಾಳೆಪಟ್ಟಿ ತಾಳೆಯಾಗಿಯೇ ಇರುತ್ತದೆ! ಬ್ಯಾಂಕಿನ ಪಟ್ಟಿಯೊಂದಿಗೆ ಹೋಲಿಸುವವರೆಗೆ ಯಾರಿಗೂ ತಿಳಿಯುವುದಿಲ್ಲ. ಕಟ್ಟುನಿಟ್ಟಿನ ಮೋಡ್ ಇದ್ದರೆ ಅದೇ ನಮೂದು ಅಲ್ಲೇ ನಿಂತು, ಮೊತ್ತ ಮಿತಿ ಮೀರಿದೆ ಎಂದು ಹೇಳುತ್ತದೆ.

ಇಷ್ಟು ವರ್ಷ ನಡೆದಿದೆ ಎಂಬುದು ಸರಿಯಾಗಿ ನಡೆದಿದೆ ಎಂಬುದಕ್ಕೆ ಪುರಾವೆಯಲ್ಲ. ಜಮಾಖರ್ಚು ಅವರೇ, ನಿಮ್ಮ ವೋಚರ್ ಟೇಬಲ್‌ನಲ್ಲಿ ಸರಿಯಾಗಿ ಆ ಮಿತಿಯ ಮೊತ್ತವೇ ಇರುವ ಸಾಲುಗಳು ಇವೆಯೇ ಎಂದು ಒಮ್ಮೆ ಹುಡುಕಿಸಿ.

ನಿಧಾನಗತಿ

ಮೊತ್ತ ಕತ್ತರಿಸುವ ವಿಷಯ ಒಪ್ಪಿದೆ. ಆದರೆ ಕೆಲಸ ನಿಂತಿರುವಾಗ ಗುಮಾಸ್ತರು ಚೆಕ್ ವೋಚರ್‌ಗಳನ್ನು ಎಲ್ಲಿ ಬರೆಯಬೇಕು? ಅದಕ್ಕೊಂದು ದಾರಿ ಹೇಳಿ.

ಕೋಡುಗಲ್ಲು

ದಾರಿ ಇದೆ. ಇಡೀ ಸರ್ವರ್‌ನ ಮೋಡ್ ಖಾಲಿ ಮಾಡುವ ಅಗತ್ಯವಿಲ್ಲ. ತಂತ್ರಾಂಶ ಡೇಟಾಬೇಸ್‌ಗೆ ಸಂಪರ್ಕ ಮಾಡುವ ಪಿಎಚ್‌ಪಿ ಫೈಲ್ ಸಾಮಾನ್ಯವಾಗಿ ಒಂದೇ ಇರುತ್ತದೆ. ಸಂಪರ್ಕ ಆದ ಮರುಸಾಲಿನಲ್ಲೇ ಆ ಸೆಷನ್‌ಗೆ, ಅಂದರೆ ಆ ಒಂದು ಸಂಪರ್ಕಕ್ಕೆ, ಮಾತ್ರ ಮೋಡ್ ಹೇಳಬಹುದು. ಅಲ್ಲಿ ಕಟ್ಟುನಿಟ್ಟಿನ ಮೋಡ್ ಇರಲಿ. ಶೂನ್ಯ ದಿನಾಂಕವನ್ನು ತಡೆಯುವ ಎರಡು ನಿಯಮ ಮತ್ತು ಪೂರ್ಣ ಗ್ರೂಪ್ ಬೈ ನಿಯಮ (ಸಾಲುಗಳನ್ನು ಗುಂಪು ಮಾಡುವಾಗಿನ ಕಟ್ಟುಪಾಡು), ಇಷ್ಟನ್ನು ಮಾತ್ರ ತಾತ್ಕಾಲಿಕವಾಗಿ ಬಿಡಿ. ಚೆಕ್ ವೋಚರ್‌ಗಳು ಅಷ್ಟಕ್ಕೇ ಉಳಿಯತೊಡಗುತ್ತವೆ. ಆಮೇಲೆ ಒಂದೊಂದಾಗಿ ಬಿಡಿಸೋಣ.

1292: ನಿಮ್ಮ ತಂತ್ರಾಂಶ, ಬ್ಯಾಂಕಿನಲ್ಲಿ ಇನ್ನೂ ನಗದಾಗದ ಚೆಕ್‌ಗಳ ನಗದಾದ ದಿನಾಂಕದ ಜಾಗದಲ್ಲಿ 0000-00-00 ಎಂದು ಬರೆಯುತ್ತಿರಬೇಕು. ನಗದು ವೋಚರ್‌ಗಳಿಗೆ ಆ ದಿನಾಂಕದ ಗೊಡವೆ ಇಲ್ಲ, ಅದಕ್ಕೇ ಅವು ಉಳಿಯುತ್ತಿವೆ. ಶಾಶ್ವತ ಪರಿಹಾರವೆಂದರೆ ಆ ಕಾಲಮ್ ಖಾಲಿ, ಅಂದರೆ ನಲ್, ಇರಲು ಅನುಮತಿ ಕೊಟ್ಟು, ಇರುವ ಸೊನ್ನೆ ದಿನಾಂಕಗಳನ್ನು ನಲ್ ಮಾಡುವುದು. ಆದರೆ ಬ್ಯಾಂಕ್ ಹೊಂದಾಣಿಕೆಯ ವರದಿ ಬಾಕಿ ಚೆಕ್‌ಗಳನ್ನು ಹುಡುಕುವುದೂ ಆ ಸೊನ್ನೆ ದಿನಾಂಕದಿಂದಲೇ ಆಗಿರುತ್ತದೆ. ಡೇಟಾ ಬದಲಿಸಿ ಕೋಡ್ ಬಿಟ್ಟರೆ ಬಾಕಿ ಚೆಕ್ ಒಂದೂ ಇಲ್ಲ ಎಂದು ವರದಿ ಹೇಳೀತು. ಎರಡನ್ನೂ ಒಟ್ಟಿಗೇ ಬದಲಿಸಿ.

1064: ಟೇಬಲ್‌ನ ಹೆಸರು ಗ್ರೂಪ್ಸ್ ಎಂದಿದೆಯೇ? 8.0ರಲ್ಲಿ ವಿಂಡೋ ಫಂಕ್ಷನ್‌ಗಳು ಬಂದಾಗ ಅವುಗಳ ಜೊತೆ ಗ್ರೂಪ್ಸ್, ರ‍್ಯಾಂಕ್, ರೋ ನಂಬರ್ ಮುಂತಾದ ಪದಗಳು ಕಾಯ್ದಿರಿಸಿದ ಪದಗಳಾದವು, ಅಂದರೆ ಅವನ್ನು ಹಾಗೆಯೇ ಹೆಸರಾಗಿ ಬಳಸುವಂತಿಲ್ಲ. ಖಾತೆ ಗುಂಪುಗಳಿಗೆ ಗ್ರೂಪ್ಸ್ ಎಂದು ಹೆಸರಿಡದ ಲೆಕ್ಕಪತ್ರ ತಂತ್ರಾಂಶ ಸಿಗುವುದೇ ಕಷ್ಟ, ಹಾಗಾಗಿ ಈ ಪೆಟ್ಟು ನಮ್ಮ ಕ್ಷೇತ್ರಕ್ಕೇ ಹೆಚ್ಚು ಬಿದ್ದಿದೆ. ಹೆಸರು ಬದಲಿಸಲು ಹೋಗಬೇಡಿ. ಕ್ವೆರಿಗಳಲ್ಲಿ, ಅಂದರೆ ಡೇಟಾಬೇಸ್‌ಗೆ ಕಳಿಸುವ ಆಜ್ಞೆಗಳಲ್ಲಿ, ಆ ಹೆಸರನ್ನು ಬ್ಯಾಕ್‌ಟಿಕ್ (`) ಚಿಹ್ನೆಗಳ ನಡುವೆ ಇಟ್ಟರೆ ಸಾಕು. ಹುಡುಕುವಾಗ ಒಂದು ಸೂಕ್ಷ್ಮ ನೆನಪಿರಲಿ: ಚುಕ್ಕೆಯ ನಂತರ ಬರುವ ಹೆಸರಿಗೆ ಈ ನಿರ್ಬಂಧ ಇಲ್ಲ. ಡೇಟಾಬೇಸ್ ಹೆಸರು, ಚುಕ್ಕೆ, ಗ್ರೂಪ್ಸ್ ಎಂದು ಬರೆದ ಕ್ವೆರಿ ಓಡುತ್ತದೆ, ಗ್ರೂಪ್ಸ್, ಚುಕ್ಕೆ, ಐಡಿ ಎಂದು ಬರೆದದ್ದು ಬೀಳುತ್ತದೆ. ಕೆಲವು ಪುಟ ತೆರೆದು ಕೆಲವು ತೆರೆಯದಿದ್ದರೆ ಕಾರಣ ಇದೇ ಇರಬಹುದು. ಆದ್ದರಿಂದ ತೆರೆದ ಪುಟಗಳನ್ನು ನೋಡಿ ಸಮಾಧಾನಪಡದೆ ಇಡೀ ಕೋಡ್‌ನಲ್ಲಿ ಹುಡುಕಿ.

1055: ಖಾತೆಯ ಹೆಸರಿನಿಂದ ಗುಂಪು ಮಾಡಿ, ಜೊತೆಗೆ ಖಾತೆಯ ಸಂಕೇತ ಸಂಖ್ಯೆಯನ್ನೂ ಕೇಳುವ ಕ್ವೆರಿಗಳು ಇವು. ಒಂದೇ ಗುಂಪಿನಲ್ಲಿ ಬೇರೆ ಬೇರೆ ಸಂಕೇತಗಳಿದ್ದರೆ ಯಾವುದನ್ನು ಕೊಡಬೇಕು ಎಂಬುದು ಸರ್ವರ್‌ನ ಪ್ರಶ್ನೆ, ಮತ್ತು ಅದು ನ್ಯಾಯವಾದ ಪ್ರಶ್ನೆ. ಹೆಸರಿನ ಬದಲು ಖಾತೆ ಟೇಬಲ್‌ನ ಪ್ರೈಮರಿ ಕೀಯಿಂದ (ಪ್ರತಿ ಸಾಲಿಗೂ ಬೇರೆಯಾಗಿರುವ ಗುರುತಿನಿಂದ) ಗುಂಪು ಮಾಡಿದರೆ ಬಹುತೇಕ ಕಡೆ ದೋಷ ತಾನಾಗಿಯೇ ಹೋಗುತ್ತದೆ.

ಜಮಾಖರ್ಚು

ಎಲ್ಲರಿಗೂ ಧನ್ಯವಾದ. ಕೋಡ್ ಬಲ್ಲ ಸಹೋದ್ಯೋಗಿಯೊಬ್ಬರನ್ನು ಕೂರಿಸಿಕೊಂಡು ಕೋಡುಗಲ್ಲು ಅವರು ಹೇಳಿದಂತೆ ಮಾಡಿದೆವು. ಟೇಬಲ್ ಹೆಸರು ಗ್ರೂಪ್ಸ್ ಎಂದೇ ಇತ್ತು. ಈಗ ಪುಟಗಳೆಲ್ಲ ತೆರೆಯುತ್ತವೆ, ಚೆಕ್ ವೋಚರ್ ಉಳಿಯುತ್ತದೆ, ಪರದೆಯ ಮೇಲೆ ದೋಷ ಸಂದೇಶ ಒಂದೂ ಇಲ್ಲ. ಮಿತಿಗೆ ಕತ್ತರಿಸಿದ ಮೊತ್ತಗಳೂ ಸಿಗಲಿಲ್ಲ, ನಮ್ಮ ಕಾಲಮ್ ಸಾಕಷ್ಟು ಅಗಲವಾಗಿದೆ.

ಆದರೆ ಹೊಸ ಚಿಂತೆ ಶುರುವಾಗಿದೆ. ತಾಳೆಪಟ್ಟಿ ತಾಳೆಯಾಗುತ್ತಿಲ್ಲ. ಹಿಂದಿನ ವರ್ಷಾಂತ್ಯದ ದಿನಾಂಕಕ್ಕೆ ಹಳೆಯ ಯಂತ್ರದಲ್ಲಿ ತೆಗೆದರೆ ಎರಡೂ ಬದಿ ಸಮ. ಅದೇ ದಿನಾಂಕಕ್ಕೆ ಹೊಸದರಲ್ಲಿ ತೆಗೆದರೆ ಖರ್ಚಿನ ಬದಿ ಕಡಿಮೆ. ವೋಚರ್ ಸಾಲುಗಳ ಎಣಿಕೆ ಎರಡೂ ಕಡೆ ಒಂದೇ. ಆ ವರ್ಷದ ಲೆಕ್ಕ ಮುಗಿದು ಸಹಿಯಾಗಿದೆ, ಅದರಲ್ಲಿ ಯಾರೂ ಕೈಯಾಡಿಸಿಲ್ಲ.

ಸಾಲುಕಂಬ

ಸಾಲುಗಳು ಅಷ್ಟೇ ಇದ್ದು ಮೊತ್ತ ಕಡಿಮೆ ಬರುತ್ತಿದ್ದರೆ, ಡೇಟಾ ಕಳೆದಿಲ್ಲ, ಎರಡು ಟೇಬಲ್‌ಗಳ ಜೋಡಣೆಯಲ್ಲಿ ಸಾಲುಗಳು ಉದುರುತ್ತಿವೆ. ವೋಚರ್ ಸಾಲಿನಲ್ಲಿ ಖಾತೆಯ ಐಡಿ ಇದೆಯೇ, ಹೆಸರೇ ಇದೆಯೇ? ಹೆಸರಿದ್ದರೆ ಇದನ್ನು ಮಾಡಿ: ವೋಚರ್ ಸಾಲುಗಳಿಂದ ಖಾತೆ ಟೇಬಲ್‌ಗೆ ಲೆಫ್ಟ್ ಜಾಯಿನ್ (ಜೋಡಿ ಸಿಗದ ಸಾಲುಗಳನ್ನೂ ಉಳಿಸುವ ಜೋಡಣೆ) ಹಾಕಿ, ಖಾತೆ ಸಿಗದ ಸಾಲುಗಳನ್ನು ಮಾತ್ರ ತೆಗೆಯಿರಿ. ಸಿಕ್ಕ ಸಾಲುಗಳ ಮೊತ್ತ ನಿಮ್ಮ ವ್ಯತ್ಯಾಸಕ್ಕೆ ಸರಿಹೊಂದುತ್ತದೆಯೇ ನೋಡಿ. ಆ ಹೆಸರುಗಳನ್ನು ಹೆಕ್ಸ್ ರೂಪದಲ್ಲಿ, ಅಂದರೆ ಅಕ್ಷರಗಳ ಸಂಕೇತ ಸಂಖ್ಯೆಗಳಾಗಿ, ಮುದ್ರಿಸಿ, ಕೊನೆಯ ಎರಡು ಅಂಕಿ ಏನಿದೆ ಹೇಳಿ.

ಜಮಾಖರ್ಚು

ಹೆಸರೇ ಇದೆ. ಖಾತೆ ಸಿಗದ ಸಾಲುಗಳೆಲ್ಲವೂ ಬ್ಯಾಂಕ್ ಶುಲ್ಕ ಎಂಬ ಒಂದೇ ಖಾತೆಯವು. ಮೊತ್ತ ಕೂಡಿಸಿದರೆ ವ್ಯತ್ಯಾಸಕ್ಕೆ ಸರಿಯಾಗಿ ಹೊಂದುತ್ತದೆ. ಹೆಕ್ಸ್‌ನಲ್ಲಿ ಕೊನೆಗೆ 20 ಎಂದಿದೆ. ಖಾತೆ ಟೇಬಲ್‌ನಲ್ಲಿರುವ ಅದೇ ಹೆಸರಿಗೆ ಆ 20 ಇಲ್ಲ.

ಸಾಲುಕಂಬ

ಆ 20 ಎಂದರೆ ಹೆಸರಿನ ಕೊನೆಯಲ್ಲಿರುವ ಖಾಲಿ ಜಾಗ. ಬಹುಶಃ ಹಿಂದೆ ಯಾವಾಗಲೋ ಬೇರೆ ಕಡತದಿಂದ ಆಮದು ಮಾಡಿಕೊಂಡ ಸಾಲುಗಳು. ಇಷ್ಟು ದಿನ ಅದು ಏಕೆ ತೊಂದರೆ ಕೊಡಲಿಲ್ಲ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಡಂಪ್ ಮೂಲಕ ಏರಿಸುವ ಎಲ್ಲರಿಗೂ ಇದು ಎದುರಾಗಬಹುದು.

5.7ರಲ್ಲಿ ಯುಟಿಎಫ್8ಎಂಬಿ4 ಅಕ್ಷರ ಸಮೂಹಕ್ಕೆ ತಾನಾಗಿ ಸಿಗುತ್ತಿದ್ದ ಕೊಲೇಷನ್, ಅಂದರೆ ಹೋಲಿಕೆಯ ನಿಯಮ, ಜನರಲ್ ಸಿಐ. 8.0ರಲ್ಲಿ ತಾನಾಗಿ ಸಿಗುವುದು 0900 ಎಐ ಸಿಐ. ಹಳೆಯದು ಹೋಲಿಸುವಾಗ ಕೊನೆಯ ಖಾಲಿ ಜಾಗಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ಹೊಸದಕ್ಕೆ ಅವೂ ಅಕ್ಷರಗಳೇ. ಟೇಬಲ್‌ನ ಕೊಲೇಷನ್ ಡಂಪ್‌ನಲ್ಲೇ ಬರೆದಿರಬೇಕಲ್ಲವೇ ಎಂದು ನೀವು ಕೇಳಬಹುದು. 5.7, ಕೊಲೇಷನ್ ತಾನಾಗಿ ಸಿಗುವಂಥದ್ದೇ ಆಗಿದ್ದರೆ ಅದನ್ನು ಟೇಬಲ್‌ನ ವ್ಯಾಖ್ಯೆಯಲ್ಲಿ ಬರೆಯುವುದಿಲ್ಲ, ಅಕ್ಷರ ಸಮೂಹವನ್ನು ಮಾತ್ರ ಬರೆದು ಬಿಡುತ್ತದೆ. 8.0 ಆ ಡಂಪ್ ಓದಿ, ಬಿಟ್ಟ ಜಾಗಕ್ಕೆ ತನ್ನ ನಿಯಮವನ್ನು ತುಂಬಿಕೊಳ್ಳುತ್ತದೆ. ಎಲ್ಲಿಯೂ ದೋಷವಿಲ್ಲ, ಎಚ್ಚರಿಕೆಯಿಲ್ಲ, ಹೋಲಿಕೆಯ ನಿಯಮ ಮಾತ್ರ ಬೇರೆ.

ಪರಿಹಾರಕ್ಕೆ ಎರಡು ದಾರಿ: ಟೇಬಲ್‌ಗಳನ್ನು ಹಳೆಯ ಜನರಲ್ ಸಿಐ ಕೊಲೇಷನ್‌ಗೆ ಪರಿವರ್ತಿಸುವುದು, ಅಥವಾ ಹೆಸರುಗಳ ಕೊನೆಯ ಖಾಲಿ ಜಾಗವನ್ನು ಟ್ರಿಮ್ ಮಾಡುವುದು. ಮೊದಲನೆಯದನ್ನೇ ಮೊದಲು ಮಾಡಿ ಎಂಬುದು ನನ್ನ ಸಲಹೆ. ಅದು ನಮೂದಾದ ಯಾವ ಅಕ್ಷರವನ್ನೂ ಮುಟ್ಟದೆ ಹಳೆಯ ನಡವಳಿಕೆಯನ್ನು ಮರಳಿ ಕೊಡುತ್ತದೆ. ಕೆಲವೇ ಟೇಬಲ್‌ಗಳನ್ನು ಪರಿವರ್ತಿಸಿ ಉಳಿದವನ್ನು ಬಿಡಬೇಡಿ. ಎರಡು ಬಗೆಯ ಕೊಲೇಷನ್ ಕಾಲಮ್‌ಗಳನ್ನು ಹೋಲಿಸಿದರೆ 1267ರ ದೋಷ ಬರುತ್ತದೆ.

ಪರಿವರ್ತಿಸುವ ಮುನ್ನ ಒಂದು ತಪಾಸಣೆ ಆಗಬೇಕು. ಈ ನಡುವೆ ಹೊಸ ಸರ್ವರ್‌ನಲ್ಲಿ ಯಾರಾದರೂ ಹೊಸ ಖಾತೆ ತೆರೆದಿದ್ದರೆ, ಖಾಲಿ ಜಾಗದಷ್ಟೇ ವ್ಯತ್ಯಾಸವಿರುವ ಎರಡು ಖಾತೆಗಳು ಹುಟ್ಟಿರಬಹುದು. ಹೊಸ ನಿಯಮದಲ್ಲಿ ಅವು ಬೇರೆ ಬೇರೆ, ಹಳೆಯ ನಿಯಮದಲ್ಲಿ ಒಂದೇ. ಹೆಸರಿನ ಮೇಲೆ ಯೂನಿಕ್ ಇಂಡೆಕ್ಸ್ (ಒಂದೇ ಹೆಸರು ಎರಡು ಬಾರಿ ಬರದಂತೆ ತಡೆಯುವ ಸೂಚಿ) ಇದ್ದರೆ ಪರಿವರ್ತನೆ ಅಲ್ಲೇ ನಿಲ್ಲುತ್ತದೆ.

ತಾಳೆಪಟ್ಟಿ

ಟ್ರಿಮ್ ಮಾಡುವ ದಿನ ಬಂದಾಗ, ಯಾವ ಸಾಲುಗಳು, ಮೊದಲು ಏನಿತ್ತು, ಆಮೇಲೆ ಏನಾಯಿತು, ಯಾರು ಮಾಡಿದರು ಎಂಬುದನ್ನು ಬರೆದಿಟ್ಟುಕೊಳ್ಳಿ. ಮುಗಿದ ವರ್ಷದ ಸಾಲುಗಳನ್ನು ಡೇಟಾಬೇಸ್‌ಗೆ ನೇರವಾಗಿ ಹೋಗಿ ತಿದ್ದಿದ್ದು, ಅದು ಖಾಲಿ ಜಾಗವೇ ಆಗಿದ್ದರೂ, ದಾಖಲೆಯಿಲ್ಲದೆ ಇರಬಾರದು.

ಇನ್ನೊಂದು ಮಾತು. ತಾಳೆಪಟ್ಟಿ ಸರಿಬಂದ ಕೂಡಲೇ ಎಲ್ಲ ಸರಿಯಾಯಿತು ಎಂದು ತಿಳಿಯಬೇಡಿ. ನಾಲ್ಕಾರು ಖಾತೆಗಳ ಪೂರ್ತಿ ವಿವರವನ್ನು ಎರಡೂ ಯಂತ್ರಗಳಲ್ಲಿ ಮುದ್ರಿಸಿ, ಸಾಲು ಸಾಲಾಗಿ ಹೋಲಿಸಿ. ಅಖೈರು ಶಿಲ್ಕು ಮಾತ್ರವಲ್ಲ, ಪ್ರತಿ ತಿಂಗಳ ಶಿಲ್ಕನ್ನೂ ನೋಡಿ.

ಜಮಾಖರ್ಚು

ಕೊಲೇಷನ್ ಪರಿವರ್ತನೆ ಮುಗಿಯಿತು, ತಾಳೆಪಟ್ಟಿ ಎರಡೂ ಕಡೆ ಒಂದೇ. ಸಾಲುಕಂಬ ಅವರೇ, ನಿಮಗೆ ಎಷ್ಟು ಧನ್ಯವಾದ ಹೇಳಿದರೂ ಸಾಲದು.

ತಾಳೆಪಟ್ಟಿ ಅವರು ಹೇಳಿದಂತೆ ತಿಂಗಳವಾರು ಹೋಲಿಸಿದಾಗ ಮತ್ತೊಂದು ಸಿಕ್ಕಿತು. ನಗದು ಪುಸ್ತಕದ ಮಾಸಿಕ ಸಾರಾಂಶದಲ್ಲಿ ತಿಂಗಳುಗಳು ಹಿಂದು ಮುಂದಾಗಿವೆ. ಪ್ರತಿ ತಿಂಗಳ ಜಮಾ ಮತ್ತು ಖರ್ಚು ಸರಿ ಇವೆ, ವರ್ಷದ ಕೊನೆಯ ಶಿಲ್ಕು ಸರಿ ಇದೆ, ನಡುವಿನ ತಿಂಗಳುಗಳ ಶಿಲ್ಕು ಮಾತ್ರ ತಪ್ಪು. ಒಂದು ತಿಂಗಳಲ್ಲಂತೂ ನಗದು ಶಿಲ್ಕು ಋಣಾತ್ಮಕವಾಗಿ ಬರುತ್ತಿದೆ. ಪೆಟ್ಟಿಗೆಯಲ್ಲಿ ಇಲ್ಲದ ಹಣವನ್ನು ಕೊಟ್ಟಂತೆ ಕಾಣುತ್ತದೆ.

ಕೋಡುಗಲ್ಲು

ಇದು 8.0ರ ಪ್ರಸಿದ್ಧ ಬದಲಾವಣೆ. 5.7ರವರೆಗೆ ಗ್ರೂಪ್ ಬೈ ಬರೆದರೆ ಫಲಿತಾಂಶ ಅದೇ ಕಾಲಮ್‌ನ ಕ್ರಮದಲ್ಲಿ ಜೋಡಣೆಯಾಗಿ ಬರುತ್ತಿತ್ತು. 8.0 ಆ ಕೆಲಸ ಬಿಟ್ಟಿದೆ. ಕ್ರಮ ಬೇಕಿದ್ದರೆ ಆರ್ಡರ್ ಬೈ ಎಂದು ಬಾಯಿಬಿಟ್ಟು ಕೇಳಬೇಕು. ನಿಮ್ಮ ವರದಿ ತಿಂಗಳುಗಳನ್ನು ಗುಂಪು ಮಾಡಿ, ಬಂದ ಸಾಲುಗಳನ್ನು ಪಿಎಚ್‌ಪಿಯಲ್ಲಿ ಒಂದರ ಮೇಲೊಂದು ಕೂಡುತ್ತ ಶಿಲ್ಕು ತೆಗೆಯುತ್ತಿದೆ. ಕೂಡುವ ಕ್ರಮ ಬದಲಾದರೂ ಒಟ್ಟು ಬದಲಾಗುವುದಿಲ್ಲ, ಆದ್ದರಿಂದ ಕೊನೆಯ ಶಿಲ್ಕು ಸರಿ, ನಡುವಿನದೆಲ್ಲ ತಪ್ಪು. ತಾಳೆಪಟ್ಟಿಯಲ್ಲಿ ಇದು ಎಂದಿಗೂ ಸಿಕ್ಕಿಬೀಳುತ್ತಿರಲಿಲ್ಲ. ತಾಳೆಪಟ್ಟಿ ಅವರು ಒತ್ತಿ ಹೇಳಿದ್ದು ಒಳ್ಳೆಯದಾಯಿತು.

ಕೋಡ್‌ನಲ್ಲಿ ಗ್ರೂಪ್ ಬೈ ಇರುವ ಪ್ರತಿಯೊಂದು ಕ್ವೆರಿಯನ್ನೂ ತೆಗೆದು, ಆರ್ಡರ್ ಬೈ ಇಲ್ಲದಿದ್ದರೆ ಸೇರಿಸಿ. ಅಗತ್ಯವಿಲ್ಲದ ಕಡೆ ಸೇರಿಸಿದರೂ ನಷ್ಟವಿಲ್ಲ. ಗ್ರೂಪ್ ಬೈ ಜೊತೆಯಲ್ಲೇ ಏರಿಕೆ ಇಳಿಕೆ ಹೇಳುವ ಹಳೆಯ ಬರವಣಿಗೆ ಕಂಡರೆ ಅದನ್ನೂ ಬದಲಿಸಿ, 8.0.13ರಿಂದ ಅದು ಸಲ್ಲುವುದಿಲ್ಲ.

ನಿಧಾನಗತಿ

ಮೋಡ್ ಖಾಲಿ ಮಾಡಿ ಸುಮ್ಮನಿರಿ ಎಂಬ ನನ್ನ ಸಲಹೆಯನ್ನು ಹಿಂತೆಗೆದುಕೊಳ್ಳುತ್ತೇನೆ. ಈ ಎರಡು ತಪ್ಪುಗಳೂ ಅದರಿಂದ ಹೊರಬೀಳುತ್ತಿರಲಿಲ್ಲ. ಒಂದು ಅನುಮಾನ ಉಳಿದಿದೆ. ನಮ್ಮಲ್ಲಿ 8.0ಕ್ಕೆ ಹೋದ ಮೇಲೆ ವೋಚರ್ ಸಂಖ್ಯೆಗಳ ನಡುವೆ ಅಂತರ ಬೀಳುತ್ತಿದೆ. ಅದಕ್ಕೂ ಇದಕ್ಕೂ ಸಂಬಂಧವಿದೆಯೇ?

ಸಾಲುಕಂಬ

ಇರಬಹುದು. 8.0ಕ್ಕೆ ಮುಂಚೆ ಮೈಎಸ್‌ಕ್ಯೂಎಲ್ ಟೇಬಲ್‌ಗಳನ್ನು ಉಳಿಸುವ ಇನ್ನೊಡಿಬಿ ವ್ಯವಸ್ಥೆಯ ಆಟೋ ಇನ್‌ಕ್ರಿಮೆಂಟ್ ಎಣಿಕೆ, ಅಂದರೆ ತಾನಾಗಿ ಏರುವ ಸಂಖ್ಯೆ, ಮೆಮೊರಿಯಲ್ಲಿ ಮಾತ್ರ ಇರುತ್ತಿತ್ತು. ಕೊನೆಯ ವೋಚರ್ ಅಳಿಸಿ ಸರ್ವರ್ ಮತ್ತೆ ಶುರು ಮಾಡಿದರೆ ಅದೇ ಸಂಖ್ಯೆ ಮತ್ತೊಮ್ಮೆ ಸಿಗುತ್ತಿತ್ತು. 8.0 ಎಣಿಕೆಯನ್ನು ಡಿಸ್ಕ್‌ನಲ್ಲಿ ಉಳಿಸಿಕೊಳ್ಳುತ್ತದೆ, ಅಳಿಸಿದ ಸಂಖ್ಯೆ ಹೋಯಿತೆಂದರೆ ಹೋಯಿತು. ಲೆಕ್ಕದ ದೃಷ್ಟಿಯಿಂದ ಇದೇ ಸರಿ ಎಂಬುದು ನನ್ನ ಅಭಿಪ್ರಾಯ. ವೋಚರ್ ಸಂಖ್ಯೆ ಅಂತರವಿಲ್ಲದೆ ಬರಬೇಕಿದ್ದರೆ ಅದಕ್ಕೆ ಆಟೋ ಇನ್‌ಕ್ರಿಮೆಂಟ್ ನಂಬದೆ ಪ್ರತ್ಯೇಕ ಎಣಿಕೆಯ ಟೇಬಲ್ ಇಡಬೇಕು.

ಜಮಾಖರ್ಚು

ಆರ್ಡರ್ ಬೈ ಸೇರಿಸಿದ ಮೇಲೆ ನಗದು ಪುಸ್ತಕ, ಬ್ಯಾಂಕ್ ಪುಸ್ತಕ ಎರಡೂ ಹಳೆಯ ಯಂತ್ರದ ಮುದ್ರಣಕ್ಕೆ ಅಕ್ಷರಶಃ ಹೊಂದುತ್ತಿವೆ. ಸೊನ್ನೆ ದಿನಾಂಕಗಳನ್ನು ನಲ್ ಮಾಡಿ, ಬ್ಯಾಂಕ್ ಹೊಂದಾಣಿಕೆಯ ಕೋಡನ್ನೂ ಬದಲಿಸಿದೆವು. ಬಾಕಿ ಚೆಕ್‌ಗಳ ಪಟ್ಟಿ ಮೊದಲಿನಂತೆಯೇ ಬರುತ್ತಿದೆ. ಸೆಷನ್‌ನಲ್ಲಿ ಬಿಟ್ಟಿದ್ದ ನಿಯಮಗಳನ್ನೆಲ್ಲ ಮರಳಿ ಹಾಕಿದ್ದೇವೆ. 5.7ಕ್ಕೆ ಮರಳುವ ಯೋಚನೆಯನ್ನು ಕೈಬಿಟ್ಟಿದ್ದೇವೆ.

ಸರ್ವರ್ ನೋಡಿಕೊಳ್ಳುವವರು ಈಗ, ಹೇಗೂ ಸರಿಯಾಯಿತಲ್ಲ, 8.4ಕ್ಕೂ ಏರಿಸಿಬಿಡೋಣ ಎನ್ನುತ್ತಿದ್ದಾರೆ. ಒಪ್ಪಬಹುದೇ?

ಸಾಲುಕಂಬ

ಈಗಲೇ ಬೇಡ. ಆದರೆ ತಯಾರಿ ಶುರುವಾಗಲಿ, 8.0ರ ಬೆಂಬಲಕ್ಕೂ 2026ರ ಏಪ್ರಿಲ್ ಗಡುವು. ನೀವು ಲಾಗಿನ್ ಸರಿಪಡಿಸಲು ಬಳಸಿದ ಹಳೆಯ ನೇಟಿವ್ ಪಾಸ್‌ವರ್ಡ್ ವಿಧಾನ 8.4ರಲ್ಲಿ ತಾನಾಗಿ ಚಾಲೂ ಇರುವುದಿಲ್ಲ, ಸಂರಚನೆಯಲ್ಲಿ ಬೇಕೆಂದೇ ಚಾಲೂ ಮಾಡಬೇಕು. 9.0ರಲ್ಲಂತೂ ಅದನ್ನು ತೆಗೆದೇ ಹಾಕಿದ್ದಾರೆ. ಆದ್ದರಿಂದ ಮೊದಲ ಕೆಲಸ ಪಿಎಚ್‌ಪಿಯನ್ನು ಮೇಲೇರಿಸಿ, ಬಳಕೆದಾರನನ್ನು ಹೊಸ ವಿಧಾನಕ್ಕೆ ತರುವುದು. ಪಿಎಚ್‌ಪಿ ಬದಲಾದಾಗ ಹಳೆಯ ಕೋಡ್‌ನಲ್ಲಿ ಅದರದೇ ತೊಂದರೆಗಳು ಏಳುತ್ತವೆ. ಎರಡನ್ನೂ ಒಂದೇ ಬಾರಿಗೆ ಏರಿಸಿದರೆ ಯಾವ ತಪ್ಪು ಎಲ್ಲಿಂದ ಬಂತು ಎಂದು ಹುಡುಕುವುದು ಬಲು ಕಷ್ಟ.

ಎರಡನೆಯ ಕೆಲಸ: ಮೈಎಸ್‌ಕ್ಯೂಎಲ್ ಶೆಲ್‌ನಲ್ಲಿ ಆವೃತ್ತಿ ಏರಿಸುವ ಮುನ್ನ ಓಡಿಸಲೆಂದೇ ತಪಾಸಣೆಯ ಸಾಧನವೊಂದಿದೆ. ಕಾಯ್ದಿರಿಸಿದ ಪದಗಳು, ಸೊನ್ನೆ ದಿನಾಂಕಗಳು, ತೆಗೆದುಹಾಕಿದ ಸಂರಚನೆಗಳು ಇತ್ಯಾದಿಯನ್ನು ಅದು ಮೊದಲೇ ಪಟ್ಟಿ ಮಾಡಿ ಕೊಡುತ್ತದೆ. ಅದರ ವರದಿ ತೋರಿಸದೆ ಏರಿಸುವಂತಿಲ್ಲ ಎಂದು ಅವರಿಗೆ ಬರವಣಿಗೆಯಲ್ಲಿ ಕೊಡಿ. ಅದು ನೋಡುವುದು ಡೇಟಾಬೇಸನ್ನು ಮಾತ್ರ, ನಿಮ್ಮ ಪಿಎಚ್‌ಪಿ ಫೈಲ್‌ಗಳೊಳಗಿನ ಕ್ವೆರಿಗಳನ್ನಲ್ಲ. ಗ್ರೂಪ್ ಬೈ ಕ್ರಮದಂಥ ತೊಂದರೆ ಅದರ ಕಣ್ಣಿಗೆ ಬೀಳುವುದಿಲ್ಲ.

ತಾಳೆಪಟ್ಟಿ

ಅದಕ್ಕೆ ಈಗ ಮುದ್ರಿಸಿ ಹೋಲಿಸಿದ ವರದಿಗಳನ್ನು ಎಸೆಯಬೇಡಿ. ತಾಳೆಪಟ್ಟಿ, ನಗದು ಪುಸ್ತಕದ ಮಾಸಿಕ ಸಾರಾಂಶ, ಬಾಕಿ ಚೆಕ್‌ಗಳ ಪಟ್ಟಿ, ನಾಲ್ಕಾರು ಖಾತೆಗಳ ಪೂರ್ತಿ ವಿವರ, ಇಷ್ಟನ್ನು ಮುಗಿದ ವರ್ಷಕ್ಕೆ ತೆಗೆದು ಒಂದು ಕಡತದಲ್ಲಿಡಿ. ಮುಂದಿನ ಸಲ ಏರಿಸಿದ ದಿನ, ಗುಮಾಸ್ತರು ಮೊದಲ ವೋಚರ್ ನಮೂದಿಸುವ ಮುನ್ನವೇ ಅವುಗಳನ್ನು ಹೊಸ ಸರ್ವರ್‌ನಿಂದ ತೆಗೆದು ಪಕ್ಕಪಕ್ಕ ಇಟ್ಟು ನೋಡಿ.

ಜಮಾಖರ್ಚು

ಹಾಗೆಯೇ ಮಾಡುತ್ತೇವೆ. ತಪಾಸಣೆಯ ವರದಿ ಬಂದ ಮೇಲೆ ಅದರಲ್ಲಿ ಏನಿದೆ ಎಂದು ಇಲ್ಲೇ ಬರೆಯುತ್ತೇನೆ.